ಎಂಆರ್‌ಐ ಹೇಳುವುದೇ ಒಂದು, ಸೊಂಟ ಹೇಳುವುದೇ ಇನ್ನೊಂದು

ಸೊಂಟನೋವಿಗೆ ಬೆನ್ನುಮೂಳೆಯ ಸಂದಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿಕೊಳ್ಳಬಹುದೇ? 2025ರ ಫೆಬ್ರುವರಿ ಒಂದೇ ತಿಂಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ನರ ಒತ್ತಿಕೊಂಡು ಕಾಲಿಗೆ ನೋವು ಹರಿಯುತ್ತಿರುವವರಿಗೆ ಕೆಲವು ತಿಂಗಳ ಮಟ್ಟಿಗೆ ಒಂದಿಷ್ಟು ಪ್ರಯೋಜನ ಆಗಬಹುದು ಎಂದು ನರರೋಗ ತಜ್ಞರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಹೇಳಿತು. ಹಳೆಯ ಬೆನ್ನುನೋವಿಗೆ ಇಂಥ ಇಂಜೆಕ್ಷನ್ ಕೊಡಲೇಬಾರದು ಎಂದು ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂತರರಾಷ್ಟ್ರೀಯ ತಂಡದ ಮಾರ್ಗಸೂಚಿ ಹೇಳಿತು. ಇದು ಅರಗುವ ಮುಂಚೆಯೇ ಮಾರ್ಚ್‌ನಲ್ಲಿ ಮೂರನೆಯದೊಂದು ವರದಿ ಬಂತು. 301 ಪ್ರಯೋಗಗಳನ್ನು ಜಾಲಾಡಿದ ಸಂಶೋಧಕರು, ಆಪರೇಷನ್ ಅಲ್ಲದ ಚಿಕಿತ್ಸೆಗಳಲ್ಲಿ ಸುಮಾರು ಹತ್ತಕ್ಕೆ ಒಂದು ಮಾತ್ರ ಕೆಲಸ ಮಾಡುತ್ತದೆ, ಅದೂ ಅಲ್ಪಸ್ವಲ್ಪ ಎಂದರು.

ಇದಕ್ಕೆ ಮೊದಲು, 2023ರ ಡಿಸೆಂಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆಂದೇ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತ್ತು. ಅದರ ಬೇಡಗಳ ಪಟ್ಟಿ ಓದಿದರೆ ನಮ್ಮೂರಿನ ಯಾವ ಬೆನ್ನುನೋವಿನವರಿಗೂ ಗಾಬರಿಯಾಗುತ್ತದೆ. ಸೊಂಟದ ಬೆಲ್ಟ್ ಬೇಡ, ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ ಬೇಡ, ನಾವು ‘ಕರೆಂಟ್ ಕೊಡಿಸೋದು’ ಅನ್ನುವ ಟೆನ್ಸ್ ಬೇಡ, ಅಲ್ಟ್ರಾಸೌಂಡ್ ಚಿಕಿತ್ಸೆ ಬೇಡ, ಮಾಂಸಖಂಡ ಸಡಿಲಿಸುವ ಮಾತ್ರೆ ಬೇಡ, ಅಫೀಮು ಜಾತಿಯ ನೋವಿನ ಮಾತ್ರೆ ಬೇಡ. ಇವುಗಳಲ್ಲಿ ಎರಡು ಮೂರನ್ನಾದರೂ ಮಾಡಿಸಿಕೊಳ್ಳದ ಬೆನ್ನುನೋವಿನ ಮನೆ ನಮ್ಮಲ್ಲಿ ಸಿಗುವುದು ಕಷ್ಟ.

ಹಾಗಾದರೆ ಇಷ್ಟು ದಿನ ದುಡ್ಡು ಸುರಿದದ್ದೆಲ್ಲ ದಂಡವೇ? ಯಾರ ಮಾತು ನಂಬುವುದು? ಗೊಂದಲದ ಬೇರು ಇರುವುದು ನಾವು ಬೆನ್ನನ್ನು ನೋಡುವ ಬಗೆಯಲ್ಲಿ. ಬೈಕ್ ಕೆಟ್ಟರೆ ಹಾಳಾದ ಪಾರ್ಟ್ ಹುಡುಕಿ ಬದಲಿಸುತ್ತೇವಲ್ಲ, ಬೆನ್ನಿಗೂ ಅದೇ ಲೆಕ್ಕ ಹಾಕುತ್ತೇವೆ. ಆ ಲೆಕ್ಕಕ್ಕೆ ಬಹುಪಾಲು ಬೆನ್ನುಗಳು ಸಿಗುವುದಿಲ್ಲ.

ಒಂದೇ ಹೆಸರು, ಮೂರು ನೋವು

‘ಸೊಂಟ ಹಿಡ್ಕೊಂಡಿದೆ’ ಎಂದು ಬಂದ ಮೂವರಿಗೆ ಮೂರು ಬೇರೆ ಬೇರೆ ತೊಂದರೆ ಇರಬಹುದು. ಮಾರ್ಗಸೂಚಿಗಳನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಈ ಮೂರರಲ್ಲಿ ಯಾವುದರ ಬಗ್ಗೆ ಮಾತಾಡುತ್ತಿದೆ ಎಂಬುದು.

ಮೊದಲನೆಯದು, ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದ ನೋವು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೊಂಟನೋವಿನ ಸುಮಾರು ಶೇ 90ರಷ್ಟು ಪ್ರಕರಣಗಳು ಇದೇ ಬಗೆಯವು. ಸ್ನಾಯು, ಮೂಳೆಗಳನ್ನು ಬಿಗಿದಿರುವ ಕಟ್ಟು, ಕೀಲು, ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಇವೆಲ್ಲವೂ ನೋಯಬಲ್ಲವು. ಆದರೆ ನೋಯುತ್ತಿರುವುದು ಇದೇ ಎಂದು ಖಚಿತವಾಗಿ ಹೇಳುವ ಪರೀಕ್ಷೆ ನಮ್ಮ ಬಳಿ ಇಲ್ಲ. ಕಾರಣ ತೋರಿಸಲಾಗದು ಅಂದಮಾತ್ರಕ್ಕೆ ನೋವು ಸುಳ್ಳಲ್ಲ. ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಚಪ್ಪಲಿಗೆ ಕಾಲು ತೂರಿಸಲಾಗದೆ ಕಣ್ಣಲ್ಲಿ ನೀರು ತಂದುಕೊಳ್ಳುವವರ ನೋವು ನೂರಕ್ಕೆ ನೂರು ನಿಜ. ಈ ಬಗೆಯ ಹೊಸ ನೋವು ಹೆಚ್ಚಿನವರಲ್ಲಿ ಆರು ವಾರದೊಳಗೆ ತಾನಾಗಿಯೇ ಬಹಳಷ್ಟು ಇಳಿಯುತ್ತದೆ. ಕೆಲವರಲ್ಲಿ ಮರುಕಳಿಸುತ್ತದೆ, ಕೆಲವರಲ್ಲಿ ಮೂರು ತಿಂಗಳು ದಾಟಿ ಬೇರೂರುತ್ತದೆ.

ಎರಡನೆಯದು ಸಯಾಟಿಕಾ. ಡಿಸ್ಕ್ ಉಬ್ಬಿ ಅಥವಾ ನರದ ದಾರಿ ಕಿರಿದಾಗಿ ನರದ ಬುಡಕ್ಕೆ ತೊಂದರೆಯಾದಾಗ ನೋವು ಪೃಷ್ಠದಿಂದ ತೊಡೆ, ಮೀನಖಂಡ ದಾಟಿ ಪಾದದವರೆಗೆ ಎಳೆಯುತ್ತದೆ. ಜೋಮು, ಉರಿ, ಕೆಲವೊಮ್ಮೆ ಕಾಲಿನ ಹೆಬ್ಬೆರಳು ಎತ್ತಲಾಗದಷ್ಟು ನಿಶ್ಶಕ್ತಿ. ಇಲ್ಲಿ ಸೊಂಟಕ್ಕಿಂತ ಕಾಲಿನ ನೋವೇ ಜೋರು.

ಮೂರನೆಯದು ಅಪರೂಪ, ಆದರೆ ಕೈಬಿಟ್ಟರೆ ಅಪಾಯ. ಕುದುರೆ ತಡಿಯ ಮೇಲೆ ಕೂತರೆ ತಾಗುವ ಜಾಗವೆಲ್ಲ ಮರಗಟ್ಟುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಎರಡೂ ಕಾಲು ಸೋಲುವುದು ಕಂಡರೆ ಅದು ಗಂಟೆಗಳ ಲೆಕ್ಕದ ತುರ್ತು. ಅಂಥವರು ನಾಳೆ ಬೆಳಿಗ್ಗೆವರೆಗೆ ಕಾಯಬಾರದು. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದರ ಜೊತೆಗೆ ಬೆನ್ನು ನೋಯುತ್ತಿದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಮೊದಲು ನೆನಪಾಗಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕನೇ ಒಂದರಷ್ಟು ಭಾರತದಲ್ಲಿದ್ದಾರೆ, ಮೂಳೆಗೆ ಕ್ಷಯ ತಗುಲಿದಾಗ ಅತಿ ಹೆಚ್ಚು ತುತ್ತಾಗುವುದು ಬೆನ್ನುಮೂಳೆ. ಕ್ಯಾನ್ಸರ್ ಬಂದು ಹೋದವರು, ಬಿದ್ದು ಪೆಟ್ಟು ಮಾಡಿಕೊಂಡವರು, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಮೂಳೆ ಟೊಳ್ಳಾದ ವಯಸ್ಸಾದ ಹೆಂಗಸರು ಕೂಡ ಬೇಗ ತೋರಿಸಿಕೊಳ್ಳಬೇಕು. ಇನ್ನೊಂದು ಗುಂಪು ಎಲ್ಲರ ಕಣ್ಣು ತಪ್ಪಿಸುತ್ತದೆ. ಅದು ಇಪ್ಪತ್ತು ಮೂವತ್ತರ ಹರೆಯದವರದು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿ, ಮಲಗಿದರೆ ಹೆಚ್ಚು, ಓಡಾಡಿದರೆ ಕಡಿಮೆ. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ರೋಗ ಇರಬಹುದು, ಅದಕ್ಕೆ ಬೇರೆಯದೇ ಔಷಧವಿದೆ. ‘ಕಂಪ್ಯೂಟರ್ ಮುಂದೆ ಕೂತು ಕೂತು ಹೀಗಾಗಿದೆ’ ಎಂಬ ಮಾತಿನಲ್ಲಿ ವರ್ಷಗಳೇ ಕಳೆದುಹೋಗುತ್ತವೆ.

ಸ್ಕ್ಯಾನ್ ಅವಶ್ಯವಾಗುವುದು ಈ ಮೂರನೆಯ ಗುಂಪಿಗೆ, ಮತ್ತು ಇಂಜೆಕ್ಷನ್ ಇಲ್ಲವೇ ಆಪರೇಷನ್ ಮಾತು ಬಂದಾಗ ಎರಡನೆಯದಕ್ಕೆ. ಮೊದಲನೆಯದಕ್ಕೆ ಅದು ಮಾಡುವ ಉಪಕಾರ ಕಡಿಮೆ, ಕೆಡುಕು ಸಣ್ಣದಲ್ಲ.

ಹೋಳಿಗೆಯೊಳಗಿನ ಹೂರಣ

ಎಂಆರ್‌ಐ ವರದಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ‘ಡಿಫ್ಯೂಸ್ ಡಿಸ್ಕ್ ಬಲ್ಜ್ ಅಟ್ ಎಲ್4-ಎಲ್5, ಇಂಡೆಂಟಿಂಗ್ ದ ಥೀಕಲ್ ಸ್ಯಾಕ್.’ ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ, ನರಗಳನ್ನು ಸುತ್ತಿರುವ ಚೀಲಕ್ಕೆ ತಾಗಿದೆ ಎಂದಷ್ಟೇ. ಈ ಸಾಲು ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ದಾಟಿ ಮನೆ ಸೇರುವಷ್ಟರಲ್ಲಿ ‘ಡಿಸ್ಕ್ ಜಾರಿದೆ’, ‘ಮೂಳೆ ಗ್ಯಾಪ್ ಬಂದಿದೆ’, ‘ಮೂಳೆ ಸವೆದಿದೆ, ಇನ್ನು ಭಾರ ಎತ್ತೋ ಹಾಗಿಲ್ಲ’ ಎಂದಾಗಿರುತ್ತದೆ.

ಡಿಸ್ಕ್ ಜಾರುವ ವಸ್ತುವೇ ಅಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದರ ರಚನೆ ನಮ್ಮ ಹೋಳಿಗೆಯ ಹಾಗೆ: ಹೊರಗೆ ಗಟ್ಟಿ ನಾರಿನ ಪದರ, ಒಳಗೆ ಮೆತ್ತನೆಯ ಹೂರಣ. ವಯಸ್ಸಾದಂತೆ ಹೂರಣದ ನೀರಿನಂಶ ಕಡಿಮೆಯಾಗುತ್ತದೆ, ಹೋಳಿಗೆ ಚಪ್ಪಟೆಯಾಗಿ ಅಂಚು ಸ್ವಲ್ಪ ಹೊರಚಾಚುತ್ತದೆ. ಇದು ಬಲ್ಜ್. ಅಂಚು ಹರಿದು ಹೂರಣ ಹೊರಬಂದರೆ ಹರ್ನಿಯೇಶನ್. 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನರು, ಹೀಗೆ ಹೊರಬಂದ ಹೂರಣ ನರವನ್ನು ಒತ್ತಿ ಕಾಲುನೋವು ತರುತ್ತದೆ, ಅದನ್ನು ತೆಗೆದರೆ ಗುಣವಾಗುತ್ತದೆ ಎಂದು ಬರೆದರು. ಅದು ದೊಡ್ಡ ಶೋಧವೇ. ಆದರೆ ಸಯಾಟಿಕಾಕ್ಕೆ ಒಪ್ಪುವ ಆ ವಿವರಣೆ ಬರಬರುತ್ತಾ ಎಲ್ಲ ಸೊಂಟನೋವಿನ ವಿವರಣೆಯೂ ಆಗಿಬಿಟ್ಟಿತು. ಎಂಆರ್‌ಐ ಬಂದಮೇಲಂತೂ ಒಳಗಿನದೆಲ್ಲ ಕಾಣತೊಡಗಿತು, ಕಂಡದ್ದೆಲ್ಲ ಕಾರಣವಾಯಿತು.

ಹತ್ತು ಸೆಂಟರು, 49 ದೋಷ

ಕಂಡದ್ದೆಲ್ಲ ಕಾರಣವಲ್ಲ ಎಂದು ಗೊತ್ತಾಗಿ ಮೂವತ್ತು ವರ್ಷ ಕಳೆದಿದೆ. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಮಂದಿಯ ಲೆಕ್ಕ ತೆಗೆದರು. ಇಪ್ಪತ್ತರ ಹರೆಯದಲ್ಲೇ ಶೇ 37 ಜನರಲ್ಲಿ ಡಿಸ್ಕ್ ಸವೆತ ಕಂಡಿತು, ಎಂಬತ್ತರ ವಯಸ್ಸಿಗೆ ಅದು ಶೇ 96. ನಲವತ್ತಕ್ಕೆ ಕಣ್ಣಿಗೆ ಚಾಳೀಸು ಬರುವ ಹಾಗೆ ಬೆನ್ನಿಗೂ ವಯಸ್ಸಾಗುತ್ತದೆ. ಚಾಳೀಸನ್ನು ಯಾರೂ ಕುರುಡು ಎನ್ನುವುದಿಲ್ಲವಲ್ಲ.

ಇನ್ನೂ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. 63 ವರ್ಷದ ಮಹಿಳೆ, ಸೊಂಟನೋವು, ಬಲಗಾಲಿಗೆ ಎಳೆತ. ಅವರನ್ನು ಮೂರು ವಾರದೊಳಗೆ ಹತ್ತು ಬೇರೆ ಬೇರೆ ಎಂಆರ್‌ಐ ಸೆಂಟರುಗಳಿಗೆ ಕಳಿಸಲಾಯಿತು. ಅದೇ ಬೆನ್ನು, ಅದೇ ತಿಂಗಳು. ಹತ್ತು ವರದಿಗಳಲ್ಲಿ ಒಟ್ಟು 49 ಬೇರೆ ಬೇರೆ ದೋಷಗಳು ಬರೆದಿದ್ದವು. ಹತ್ತೂ ವರದಿಗಳಲ್ಲಿ ಸಮಾನವಾಗಿದ್ದ ದೋಷ ಒಂದೂ ಇರಲಿಲ್ಲ. ಮೂರನೇ ಒಂದರಷ್ಟು ದೋಷಗಳು ಬರೀ ಒಂದೊಂದು ವರದಿಯಲ್ಲಿ ಕಾಣಿಸಿಕೊಂಡವು. 2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ರೇಡಿಯಾಲಜಿಸ್ಟರಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಸವೆತ, ಉಬ್ಬು, ಕಿರಿದಾಗುವಿಕೆ ಎಂಬವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂಬುದಕ್ಕೆ ಗಟ್ಟಿ ಗೆರೆಯಿಲ್ಲ, ಬರೆಯುವವರ ರೂಢಿಯ ಮೇಲೆ ಹೋಗುತ್ತದೆ.

ಇದರ ಪರಿಣಾಮ ಕಾಗದದ ಮೇಲೆ ನಿಲ್ಲುವುದಿಲ್ಲ. ತನ್ನ ಬೆನ್ನು ‘ಸವೆದಿದೆ’ ಎಂದು ಓದಿದವರು ಬಗ್ಗುವುದನ್ನು ಬಿಡುತ್ತಾರೆ, ಮಗುವನ್ನು ಎತ್ತಿಕೊಳ್ಳುವುದನ್ನು ಬಿಡುತ್ತಾರೆ. ಬಳಸದ ಸ್ನಾಯು ಬಲ ಕಳೆದುಕೊಳ್ಳುತ್ತದೆ. ಬಲವಿಲ್ಲದ ಬೆನ್ನು ಸಣ್ಣ ಕೆಲಸಕ್ಕೂ ನೋಯುತ್ತದೆ. ನೋವು ಹೆಚ್ಚಾದಾಗ, ನೋಡು, ವರದಿ ಸರಿಯಾಗಿಯೇ ಹೇಳಿತ್ತು ಅನ್ನಿಸುತ್ತದೆ. ಮುಂದೆ ಇಂಜೆಕ್ಷನ್, ಆಪರೇಷನ್ ಮಾತು. ಈ ಸರಪಳಿಯ ಮೊದಲ ಕೊಂಡಿ ಒಂದು ಬೇಡದ ಸ್ಕ್ಯಾನ್ ಆಗಿರುತ್ತದೆ.

ಸೂಜಿಯ ಜಗಳ

ಈಗ ಫೆಬ್ರುವರಿಯ ಎರಡು ವರದಿಗಳಿಗೆ ಮರಳೋಣ. ಅವು ಹೊರನೋಟಕ್ಕೆ ಕಂಡಷ್ಟು ವಿರುದ್ಧವಾಗಿಲ್ಲ.

ಬಿಎಂಜೆ ತಂಡ ನೋಡಿದ್ದು ಮೂರು ತಿಂಗಳು ದಾಟಿದ ಬೆನ್ನುಮೂಳೆಯ ನೋವನ್ನು, ಕ್ಯಾನ್ಸರ್ ಮತ್ತು ಉರಿಯೂತದ ಕೀಲುರೋಗದ ನೋವನ್ನು ಹೊರಗಿಟ್ಟು. ಸ್ಟೀರಾಯ್ಡ್ ಇಂಜೆಕ್ಷನ್, ಕೀಲಿಗೆ ಕೊಡುವ ಅರಿವಳಿಕೆ, ಶಾಖದಿಂದ ನರ ಸುಡುವ ರೇಡಿಯೋಫ್ರೀಕ್ವೆನ್ಸಿ ಹೀಗೆ ಹದಿಮೂರು ಬಗೆಗಳನ್ನು ತೂಗಿತು. 81 ಪ್ರಯೋಗಗಳ ಸುಮಾರು 8 ಸಾವಿರ ರೋಗಿಗಳ ಮಾಹಿತಿ ಕೂಡಿಸಿದಾಗ, ಸುಳ್ಳು ಚಿಕಿತ್ಸೆಗಿಂತ, ಅಂದರೆ ಸೂಜಿ ಚುಚ್ಚಿದಂತೆ ಮಾಡಿ ಔಷಧ ಕೊಡದೆ ಇರುವುದಕ್ಕಿಂತ, ಇವು ಗಣನೀಯವಾಗಿ ಮೇಲು ಎಂಬ ನಂಬಿಕಸ್ಥ ಪುರಾವೆ ಸಿಗಲಿಲ್ಲ. ಖರ್ಚಿದೆ, ಅಪರೂಪಕ್ಕಾದರೂ ಸೋಂಕಿನಂಥ ಅಪಾಯವಿದೆ, ಲಾಭ ಕಾಣುತ್ತಿಲ್ಲ. ಆದ್ದರಿಂದ ಬೇಡ ಎಂದಿತು.

ನರರೋಗ ತಜ್ಞರ ಅಕಾಡೆಮಿ ನೋಡಿದ್ದು ಎಪಿಡ್ಯೂರಲ್ ಸ್ಟೀರಾಯ್ಡ್, ಅಂದರೆ ಬೆನ್ನುಮೂಳೆಯೊಳಗೆ ನರಗಳ ಚೀಲದ ಹೊರಗಿನ ಜಾಗಕ್ಕೆ ಕೊಡುವ ಇಂಜೆಕ್ಷನ್ ಒಂದನ್ನೇ, ಅದೂ ನರದ ಬುಡದ ತೊಂದರೆ ಮತ್ತು ಬೆನ್ನುಮೂಳೆಯ ನಾಳ ಕಿರಿದಾಗುವಿಕೆಯಲ್ಲಿ. ಇಂಜೆಕ್ಷನ್ ಪಡೆಯದವರಿಗೆ ಹೋಲಿಸಿದರೆ ನರ ಒತ್ತಿಕೊಂಡವರಲ್ಲಿ ನೂರಕ್ಕೆ 24ರಷ್ಟು ಹೆಚ್ಚು ಜನರಿಗೆ ಮೂರು ತಿಂಗಳವರೆಗೆ ನೋವು ಕಡಿಮೆಯಾಯಿತು. ಅದರಾಚೆಗೆ ಲಾಭ ತೆಳುವಾಗುತ್ತದೆ.

ಬಿಎಂಜೆ ಮಾರ್ಗಸೂಚಿಗೆ ನೋವು ಚಿಕಿತ್ಸಾ ತಜ್ಞರ ಸಂಘಗಳು ಕಟುವಾಗಿ ಪ್ರತಿಕ್ರಿಯಿಸಿದವು. ಬೇರೆ ಬೇರೆ ಕಾಯಿಲೆಗಳನ್ನೂ ಬೇರೆ ಬೇರೆ ತಂತ್ರಗಳನ್ನೂ ಒಂದೇ ರಾಶಿಗೆ ಸುರಿದರೆ ಕೆಲವರಿಗೆ ಆಗುವ ಲಾಭ ಸರಾಸರಿಯಲ್ಲಿ ಮುಳುಗಿಹೋಗುತ್ತದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಸಯಾಟಿಕಾದಲ್ಲಿ ನಿದ್ದೆಗೆಟ್ಟು ಒದ್ದಾಡುತ್ತಿರುವವರಿಗೆ ಎರಡು ತಿಂಗಳ ಬಿಡುವು ಸಣ್ಣ ಮಾತಲ್ಲ. ಅಷ್ಟರಲ್ಲಿ ದೇಹವೇ ತನ್ನ ಕೆಲಸ ಮುಗಿಸಿರಬಹುದು. ಆದರೆ ಪ್ರತಿವಾದಕ್ಕೂ ತೂಕವಿದೆ: ಯಾರಿಗೆ ಲಾಭವಾಗುತ್ತದೆ ಎಂದು ಮೊದಲೇ ಗುರುತಿಸಲು ಬರುತ್ತದೆ ಅನ್ನುವುದಾದರೆ, ಅದನ್ನು ಪ್ರಯೋಗದಲ್ಲಿ ತೋರಿಸುವ ಹೊಣೆ ಸೂಜಿ ಹಿಡಿದವರದೇ.

ಎರಡನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಇಷ್ಟು. ಕಾಲಿಗೆ ಇಳಿಯುವ ನೋವು ಹೊಸದಾಗಿದ್ದು, ತಡೆಯಲಾಗದಷ್ಟು ಜೋರಾಗಿದ್ದರೆ ಇಂಜೆಕ್ಷನ್ ಬಗ್ಗೆ ವೈದ್ಯರ ಜೊತೆ ಮಾತಾಡುವುದರಲ್ಲಿ ತಪ್ಪಿಲ್ಲ. ಬರೀ ಸೊಂಟದಲ್ಲಿ ವರ್ಷಗಟ್ಟಲೆ ಕೂತಿರುವ ನೋವಿಗೆ ಅದು ದಾರಿಯಲ್ಲ.

ಮಾತ್ರೆಯ ಕೈ ಎಷ್ಟು ದೂರ ಹೋಗುತ್ತದೆ

ಪ್ಯಾರಾಸಿಟಮಾಲ್ ಬಗ್ಗೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗ ಕಣ್ಣು ತೆರೆಸುವಂಥದು. ಹೊಸದಾಗಿ ಸೊಂಟ ಹಿಡಿದ 1,600ಕ್ಕೂ ಹೆಚ್ಚು ಜನ. ಮಾತ್ರೆ ತಿಂದವರು ಗುಣವಾಗಲು ತೆಗೆದುಕೊಂಡದ್ದು 17 ದಿನ, ಔಷಧವಿಲ್ಲದ ಹುಸಿ ಮಾತ್ರೆ ತಿಂದವರು 16 ದಿನ. ನೋವು ತಾನಾಗಿ ಇಳಿಯುತ್ತಿತ್ತು, ಹೆಸರು ಮಾತ್ರೆಗೆ ಹೋಗುತ್ತಿತ್ತು.

ಅಫೀಮು ಜಾತಿಯ ಮಾತ್ರೆಗಳನ್ನು ಸಿಡ್ನಿಯಲ್ಲಿ 347 ಜನರ ಮೇಲೆ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ವಾರಕ್ಕೆ ಹುಸಿ ಮಾತ್ರೆಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ, ವರ್ಷದ ನಂತರ ದುರ್ಬಳಕೆಯ ಸಾಧ್ಯತೆ ಮಾತ್ರ ಹೆಚ್ಚಿತ್ತು. ನಮ್ಮಲ್ಲಿ ಇದೇ ಜಾತಿಯ ಟ್ರಮಡಾಲ್ 2018ರಿಂದ ಮಾದಕವಸ್ತು ಕಾಯ್ದೆಯಡಿ ಬಂದಿದೆ. ನರದ ನೋವಿಗೆಂದು ಧಾರಾಳವಾಗಿ ಬರೆಯುವ ಪ್ರಿಗ್ಯಾಬಲಿನ್ ಕೂಡ, 2017ರ ಪ್ರಯೋಗದಲ್ಲಿ, ಸಯಾಟಿಕಾಕ್ಕೆ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ತಲೆಸುತ್ತು ತಂದದ್ದು ಮಾತ್ರ ಹೆಚ್ಚು.

ಉಳಿದದ್ದು ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೊಫೆನಾಕ್ ಗುಂಪಿನ ಉರಿಯೂತ ನಿವಾರಕಗಳು. ಇವು ಕೆಲಸ ಮಾಡುತ್ತವೆ, ಸ್ವಲ್ಪ ಮಾತ್ರ. ಬಿಪಿ, ಸಕ್ಕರೆ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರು ಮೆಡಿಕಲ್ ಶಾಪಿನಲ್ಲಿ ‘ಸೊಂಟನೋವಿಗೆ ಎರಡು ಮಾತ್ರೆ ಕೊಡಿ’ ಎಂದು ಕೇಳಿ ತಿಂಗಳುಗಟ್ಟಲೆ ನುಂಗಿದರೆ ಆಗುವ ಹಾನಿ ಸೊಂಟನೋವಿಗಿಂತ ದೊಡ್ಡದು. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಇರುವ ಮುಲಾಮಿಗೆ ಹಳೆಯ ನೋವಿನಲ್ಲಿ ಕೊಂಚ ಪುರಾವೆ ಸಿಕ್ಕಿದೆ. ಉರಿ ಹಚ್ಚಿ ನೋವು ಮರೆಸುವ ಹಳ್ಳಿ ಮದ್ದಿನ ಬುದ್ಧಿಯಲ್ಲಿ ಏನೋ ಇತ್ತು ಅನ್ನಿಸುತ್ತದೆ.

ಇಲ್ಲೇ ಇನ್ನೊಂದು ವೈರುಧ್ಯವಿದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಹಳೆಯ ಸೊಂಟನೋವನ್ನು ಸ್ವಲ್ಪ ತಗ್ಗಿಸುತ್ತವೆ ಎಂದು 2025ರ ಮಾರ್ಚ್ ವರದಿ ಹೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ ಅವನ್ನು ವಾಡಿಕೆಯಾಗಿ ಬಳಸಬೇಡಿ ಎಂದಿದೆ. ಒಂದು ವರದಿ ಕೇಳಿದ ಪ್ರಶ್ನೆ, ನೋವು ಇಳಿಯುತ್ತದೆಯೇ? ಇನ್ನೊಂದು ಕೇಳಿದ್ದು, ಇಳಿಯುವ ಅಷ್ಟಿಷ್ಟಕ್ಕೆ ಅಡ್ಡಪರಿಣಾಮದ ಬೆಲೆ ತೆರಬೇಕೇ? ಪ್ರಶ್ನೆ ಬೇರೆಯಾದಾಗ ಉತ್ತರವೂ ಬೇರೆಯಾಗುತ್ತದೆ.

ಹಾಸಿಗೆ ಬಿಟ್ಟೇಳುವುದು

‘ಹದಿನೈದು ದಿನ ಮಂಚ ಬಿಟ್ಟು ಏಳಬೇಡಿ’ ಎಂಬುದು ಒಂದು ಕಾಲದ ಗಟ್ಟಿ ವೈದ್ಯ ಸಲಹೆ. 1986ರಲ್ಲಿ 203 ರೋಗಿಗಳಲ್ಲಿ ಎರಡು ದಿನದ ವಿಶ್ರಾಂತಿಯನ್ನು ಏಳು ದಿನದ ವಿಶ್ರಾಂತಿಗೆ ಹೋಲಿಸಿದಾಗ ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರನ್ನು ಮೂರು ಗುಂಪು ಮಾಡಿದರು: ಮಲಗಿದವರು, ಬೆನ್ನಿನ ವ್ಯಾಯಾಮ ಮಾಡಿದವರು, ನೋವು ಬಿಟ್ಟಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು. ಮೂರನೆಯ ಗುಂಪು ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಅಂದರೆ ಸೊಂಟ ಹಿಡಿದ ಮೊದಲ ವಾರದಲ್ಲಿ ಯೂಟ್ಯೂಬ್ ನೋಡಿ ವ್ಯಾಯಾಮ ಶುರುಮಾಡುವ ಆತುರವೂ ಬೇಡ. ಮೆಲ್ಲಗೆ ಓಡಾಡಿಕೊಂಡಿದ್ದರೆ ಸಾಕು.

ವ್ಯಾಯಾಮದ ಪಾತ್ರ ಆಮೇಲಿನದು. ನೋವು ಮೂರು ತಿಂಗಳು ದಾಟಿದಾಗ ದೇಹದಲ್ಲಿ ಇನ್ನೊಂದು ಬದಲಾವಣೆ ಆಗಿರುತ್ತದೆ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ ನರಮಂಡಲ ಸಣ್ಣ ಚಲನೆಗೂ ಅಪಾಯದ ಕೂಗು ಹಾಕತೊಡಗುತ್ತದೆ. ಆಗ ನೋವಿದೆ ಎಂದರೆ ಹಾನಿ ಆಗುತ್ತಿದೆ ಎಂದೇ ಅರ್ಥವಲ್ಲ. ನಿದ್ದೆಗೇಡು, ಸಾಲದ ಚಿಂತೆ, ಕೆಲಸ ಹೋಗುವ ಭಯ ಆ ಕೂಗನ್ನು ಜೋರು ಮಾಡುತ್ತವೆ. ದಿನಕ್ಕಿಷ್ಟು ಚಲಿಸುತ್ತಾ, ಏನೂ ಕೆಡುವುದಿಲ್ಲ ಎಂದು ದೇಹಕ್ಕೆ ಮತ್ತೆ ರೂಢಿ ಮಾಡಿಸುವುದೇ ಇಲ್ಲಿ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ ತಿಳಿವಳಿಕೆ ಹೇಳುವುದನ್ನು, ವ್ಯಾಯಾಮವನ್ನು, ಯೋಚಿಸುವ, ನಡೆದುಕೊಳ್ಳುವ ರೀತಿಯನ್ನು ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯಂಥ ಮಾನಸಿಕ ನೆರವನ್ನು, ಮಾಲೀಸು ಮತ್ತು ಬೆನ್ನುಮೂಳೆಯ ಕೈಚಿಕಿತ್ಸೆಯನ್ನು ಒಂದೇ ಪಟ್ಟಿಯಲ್ಲಿಟ್ಟಿರುವುದು ಈ ಕಾರಣಕ್ಕೆ.

ಯಾವ ವ್ಯಾಯಾಮ? ಯೋಗ, ಈಜು, ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ಚಲನೆಗಳು, ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಮೇಲು ಎಂಬ ಪುರಾವೆ ಇಲ್ಲ. ಬಿಡದೆ ಮಾಡುವುದೇ ಮುಖ್ಯ. 2024ರಲ್ಲಿ ಆಸ್ಟ್ರೇಲಿಯಾದ 701 ಜನರ ಪ್ರಯೋಗ ನಡಿಗೆಯ ಪರ ನಿಂತಿತು. ಆಗಷ್ಟೇ ಸೊಂಟನೋವಿನಿಂದ ಚೇತರಿಸಿಕೊಂಡಿದ್ದವರಿಗೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯವರೆಗೆ ಹಂತಹಂತವಾಗಿ ನಡೆಯಲು ಹೇಳಿಕೊಟ್ಟರು. ನಡೆಯದವರಲ್ಲಿ ನೋವು ಮತ್ತೆ ಮರಳಲು ಹಿಡಿದ ಕಾಲ 112 ದಿನ, ನಡೆದವರಲ್ಲಿ 208 ದಿನ.

ಕತ್ತಿ ಹಿಡಿಯುವ ಮುನ್ನ

ಸಯಾಟಿಕಾದ ಆಪರೇಷನ್ ಬಗ್ಗೆ ನೆದರ್‌ಲೆಂಡ್ಸ್‌ನಲ್ಲಿ 283 ರೋಗಿಗಳ ಮೇಲೆ ನಡೆದ 2007ರ ಅಧ್ಯಯನ ದಾರಿ ತೋರುತ್ತದೆ. ಬೇಗ ಆಪರೇಷನ್ ಆದವರಿಗೆ ಕಾಲುನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಕಾದು ನೋಡಿದ ಗುಂಪೂ ಅಲ್ಲಿಗೇ ಬಂದು ಸೇರಿತ್ತು, ಅವರಲ್ಲಿ ಶೇ 39 ಜನ ನಡುವೆ ಆಪರೇಷನ್ ಆರಿಸಿಕೊಂಡಿದ್ದರೂ ಉಳಿದವರು ಕತ್ತಿಯಿಲ್ಲದೆ ಗುಣವಾಗಿದ್ದರು. ಹೊರಬಂದ ಹೂರಣವನ್ನು ದೇಹ ಎಷ್ಟೋ ಸಲ ತಾನೇ ಕರಗಿಸಿ ಹೀರಿಕೊಳ್ಳುತ್ತದೆ. ಹಾಗಾಗಿ ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರದ ತೊಂದರೆ ಇದ್ದರೆ ಆಪರೇಷನ್ ತಡಮಾಡಬಾರದು. ಬರೀ ನೋವಾದರೆ ಕಾಯುವುದೋ ಬೇಗ ಮುಗಿಸುವುದೋ ರೋಗಿಯೇ ಯೋಚಿಸಿ ಆರಿಸಬಹುದಾದ ವಿಷಯ. ಕಾಲಿಗೆ ಇಳಿಯದ ಬರೀ ಸೊಂಟನೋವಿಗೆ ಸ್ಕ್ರೂ ಹಾಕಿ ಮೂಳೆ ಜೋಡಿಸುವ ಆಪರೇಷನ್ ಎಂದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಸಹಿ ಮಾಡಬಾರದು.

ಸೂಜಿಗೆ ವಿಮೆ ಉಂಟು, ನಡಿಗೆಗೆ ಇಲ್ಲ

ಪುರಾವೆ ಇಷ್ಟು ಸ್ಪಷ್ಟವಿದ್ದರೂ ರೂಢಿ ಏಕೆ ಬದಲಾಗುತ್ತಿಲ್ಲ? ದುಡ್ಡಿನ ಹರಿವನ್ನು ಹಿಂಬಾಲಿಸಿದರೆ ಉತ್ತರ ಸಿಗುತ್ತದೆ. ನಮ್ಮ ಆರೋಗ್ಯ ವಿಮೆಗಳ ರಚನೆಯೇ ಆಸ್ಪತ್ರೆಗೆ ದಾಖಲಾಗುವುದರ ಸುತ್ತ ಇದೆ. ಆಯುಷ್ಮಾನ್ ಭಾರತ್ ಯೋಜನೆಯೂ ಅಷ್ಟೇ, ಒಳರೋಗಿ ಚಿಕಿತ್ಸೆಗೆ ಹಣ ಕೊಡುತ್ತದೆ. ಆಪರೇಷನ್ನಿಗೆ, ಎಷ್ಟೋ ಸಲ ದಿನದ ಮಟ್ಟಿಗೆ ದಾಖಲಾಗಿ ಪಡೆಯುವ ಇಂಜೆಕ್ಷನ್ನಿಗೂ ದಾರಿಯುಂಟು. ಎರಡು ತಿಂಗಳು ವಾರಕ್ಕೆರಡು ಸಲ ಫಿಸಿಯೊಥೆರಪಿಗೆ ಹೋಗುವ ಖರ್ಚು ಮಾತ್ರ ಸಾಮಾನ್ಯವಾಗಿ ರೋಗಿಯ ಕೈಯಿಂದಲೇ. ವೈದ್ಯರಿಗೂ ಇದೇ ಇಕ್ಕಟ್ಟು. ಹೊರಗೆ ಅರವತ್ತು ಜನ ಟೋಕನ್ ಹಿಡಿದು ಕೂತಿರುವಾಗ, ನಿಮ್ಮ ಬೆನ್ನು ಮುರಿದಿಲ್ಲ, ಹೆದರಬೇಡಿ, ಹೀಗೆ ಹೀಗೆ ಓಡಾಡಿ ಎಂದು ಬಿಡಿಸಿ ಹೇಳಲು ಕಾಲುಗಂಟೆ ಬೇಕು. ಎಂಆರ್‌ಐ ಬರೆದುಕೊಡಲು ಅರ್ಧ ನಿಮಿಷ ಸಾಕು. ರೋಗಿಗೂ ಚೀಟಿ ಕೈಗೆ ಬಂದರೇನೇ ಡಾಕ್ಟರು ನೋಡಿದರು ಎಂಬ ಸಮಾಧಾನ.

ಬಿಎಂಜೆ ಮಾರ್ಗಸೂಚಿಯ ಪರಿಣಾಮ ಬಹುಶಃ ಮೊದಲು ಕಾಣುವುದು ವಿಮೆಯ ಕಡೆಯಿಂದಲೇ. ಇಂಥ ಮಾರ್ಗಸೂಚಿಗಳನ್ನು ತೋರಿಸಿ ಇಂಜೆಕ್ಷನ್ನಿನ ಹಣ ನಿಲ್ಲಿಸುವುದು ವಿಮಾ ಕಂಪನಿಗಳಿಗೆ ಸುಲಭ. ಹಾಗೆ ಉಳಿದ ಹಣ ವ್ಯಾಯಾಮದ ಕಡೆ ಹರಿಯದಿದ್ದರೆ ರೋಗಿಗೆ ಸೂಜಿಯೂ ಇಲ್ಲ, ಬದಲಿಯೂ ಇಲ್ಲ ಎಂಬಂತಾಗುತ್ತದೆ. ನೋವು ತಜ್ಞರ ಆತಂಕಗಳಲ್ಲಿ ನನಗೆ ಅತಿ ನ್ಯಾಯ ಎನ್ನಿಸುವುದು ಇದೇ.

ಗದ್ದೆಯಲ್ಲಿ ಬಗ್ಗಿದ ಬೆನ್ನು

2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. 2050ಕ್ಕೆ ಅದು 84.3 ಕೋಟಿ ಆಗಬಹುದೆಂಬ ಅಂದಾಜಿದೆ. ಕೆಲಸದ ಭಾರ, ತಂಬಾಕು, ಹೆಚ್ಚಿದ ಮೈತೂಕ ಇದಕ್ಕೆ ಇಂಬು ಕೊಡುವ ಅಂಶಗಳು. ಬೆನ್ನುನೋವು ಎಂದೊಡನೆ ನಮ್ಮ ಕಣ್ಣಿಗೆ ಬರುವ ಚಿತ್ರ ಬೆಂಗಳೂರಿನ ಸಾಫ್ಟ್‌ವೇರ್ ಕುರ್ಚಿ. ಮಲೆನಾಡಿನ ನಾಟಿ ಗದ್ದೆಯ ಚಿತ್ರ ಬರುವುದೇ ಇಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೊಂಟದಿಂದ ಅರ್ಧಕ್ಕೆ ಮಡಚಿಕೊಂಡು, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು ಬಲಗೈಯಲ್ಲಿ ಊರುತ್ತಾ ಹಿಂದೆ ಹಿಂದೆ ಸರಿಯುವ ಹೆಂಗಸರು, ಸಾಲು ಮುಗಿದಾಗ ಎರಡೂ ಕೈ ಸೊಂಟಕ್ಕೊತ್ತಿ ಒಂದು ಕ್ಷಣ ಹಿಂದಕ್ಕೆ ಬಾಗಿ ನಿಲ್ಲುತ್ತಾರೆ. ಆಮೇಲೆ ಮತ್ತೆ ಬಗ್ಗುತ್ತಾರೆ. ಕರಾವಳಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವವರು, ಸಿಮೆಂಟು ಚೀಲ ಹೊರುವವರು, ಲಾರಿ ಓಡಿಸುವವರು, ಇವರಿಗೆಲ್ಲ ದಿನಾ ಅರ್ಧ ಗಂಟೆ ನಡೆಯಿರಿ ಎಂಬ ಸಲಹೆ ಹೇಗೆ ಕೇಳಿಸೀತು? ಅವರಿಗೆ ಚಲನೆಯ ಕೊರತೆ ಇಲ್ಲ. ಒಂದೇ ಭಂಗಿಯಿಂದ ಬಿಡುವು ಇಲ್ಲ, ಕೆಲಸ ಬದಲಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ.

ಮೇಲೆ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದಿರುವುದು ಸಂಬಳದ ರಜೆ ಸಿಗುವ ಶ್ರೀಮಂತ ದೇಶಗಳಲ್ಲಿ. ಆ ತಿಳಿವಳಿಕೆ ಇಲ್ಲಿಗೂ ಒಪ್ಪುತ್ತದೆ, ಆದರೆ ಜೊತೆಗೆ ಬೇಕಾದದ್ದು ಬೇರೆ. ಗಂಟೆಗೊಮ್ಮೆ ಸರದಿ ಬದಲಿಸುವ ನಾಟಿಯ ಗುಂಪು, 50 ಕೆಜಿಯ ಬದಲು ಸಣ್ಣ ಚೀಲ, ಬೀಡಿ ಕಟ್ಟುವವರಿಗೆ ಬೆನ್ನಾನಿಸಲು ಗೋಡೆಯಾದರೂ. ಸೊಂಟ ಹಿಡಿದಾಗ ಎರಡು ದಿನ ಹಗುರ ಕೆಲಸ ಕೊಟ್ಟರೆ ಪೂರ್ತಿ ಮಲಗುವ ಪ್ರಸಂಗವೇ ಬರುವುದಿಲ್ಲ. ಈ ಮಾತು ಹೇಳಬೇಕಾದ ಜಾಗವೂ ನಮ್ಮಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಿಸಿಯೊಥೆರಪಿಸ್ಟ್ ಸಾಮಾನ್ಯವಾಗಿ ಇರುವುದಿಲ್ಲ, ನಿಜ. ಆದರೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ, ಅಲ್ಲಿ ಯೋಗ ಹೇಳಿಕೊಡುವ ವ್ಯವಸ್ಥೆಯೂ ಯೋಜನೆಯ ಭಾಗ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ಅವರಿಗೆ ಕಲಿಸಬೇಕಾದದ್ದು ಎರಡೇ ವಿಷಯ: ಯಾವ ಲಕ್ಷಣ ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಉಳಿದವರಿಗೆ ಬೆನ್ನು ಕೆಟ್ಟಿಲ್ಲ ಎಂದು ಅವರದೇ ಮಾತಿನಲ್ಲಿ ಹೇಗೆ ಹೇಳಬೇಕು. ಸೊಂಟನೋವೆಂದು ಬಂದ ನಾಟಿಯ ಹೆಂಗಸಿಗೆ ಯಾರಾದರೂ ಹೀಗೆ ಎದುರು ಕೂತು ಹೇಳಿದರೆ, ಅವಳು ಬೆಲ್ಟಿಗೂ ಸ್ಕ್ಯಾನಿಗೂ ಸಾಲ ಮಾಡುವ ಮುನ್ನ ಆರು ವಾರ ಕಾಯಬಹುದು.